ಬಿಸಿಲು, ಸಸ್ಯಸಾರ ಮತ್ತು ಚರ್ಮದ ಹೀರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಔಷಧವಿಜ್ಞಾನದ ವಿದ್ಯಾರ್ಥಿಗಳಿಗೆ ಮುಲಾಮು ಮತ್ತು ಲೇಪಗಳ ತಯಾರಿಕೆಯನ್ನು ಕಲಿಸುತ್ತಿರುವ ನನಗೆ, ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಕೂಡಲೇ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೇಳುವವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಮನೆಯಲ್ಲೇ ಗಿಡಮೂಲಿಕೆಯ ಕ್ರೀಮು ಮಾಡಿ ಮಾರುವ ಸ್ವಸಹಾಯ ಸಂಘದ ಮಹಿಳೆಯರೂ ಇದ್ದಾರೆ, ಹಾವೇರಿ ಜಿಲ್ಲೆಯಲ್ಲಿರುವ ನನ್ನ ಬಂಧುಗಳೂ ಇದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸಸ್ಯದ ಸಾರವು ಚರ್ಮದೊಳಗೆ ಹೆಚ್ಚು ಇಳಿದಷ್ಟೂ ಬಿಸಿಲಿನಿಂದ ಹೆಚ್ಚು ರಕ್ಷಣೆ ಸಿಗುತ್ತದೆಯೇ?

ಇಲ್ಲ. ಈ ವಿಷಯದಲ್ಲಿ ಮೊದಲು ಸರಿಪಡಿಸಿಕೊಳ್ಳಬೇಕಾದ ತಪ್ಪು ಗ್ರಹಿಕೆ ಇದೇ ಎಂದು ನಾನು ತಿಳಿದಿದ್ದೇನೆ. ಬಿಸಿಲಿನಿಂದ ಚರ್ಮವನ್ನು ಕಾಯುವ ಕೆಲಸ ಎರಡು ಕಡೆ ನಡೆಯುತ್ತದೆ. ಒಂದು ಚರ್ಮದ ಮೇಲೆ ನಡೆಯುವ ಕೆಲಸ: ನೇರಳಾತೀತ ಕಿರಣವನ್ನು ಹೀರುವ ಅಥವಾ ಚದುರಿಸುವ ಪದಾರ್ಥವು ಎಲ್ಲಿಯೂ ಬಿರುಕು ಬಿಡದ ತೆಳುವಾದ ಪೊರೆಯಾಗಿ ಹೊರಗೇ ನಿಂತಿರಬೇಕು. ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಮತ್ತು ಸನ್‌ಸ್ಕ್ರೀನ್‌ಗಳಲ್ಲಿ ಬಳಸುವ ಇತರ ಶೋಧಕಗಳು, ಅಂದರೆ ಕಿರಣಗಳನ್ನು ಸೋಸುವ ಪದಾರ್ಥಗಳು, ಮಾಡುವುದು ಈ ಕೆಲಸವನ್ನು. ಅವು ಒಳಗೆ ಇಳಿದರೆ ಮೇಲಿನ ಪೊರೆ ಅಷ್ಟು ಬಡವಾಯಿತೆಂದೇ ಅರ್ಥ. ಇನ್ನೊಂದು ಒಳಗಿನ ಕೆಲಸ: ಆ ಪೊರೆಯನ್ನು ದಾಟಿ ಬಂದ ಕಿರಣಗಳು ಜೀವಕೋಶಗಳಲ್ಲಿ ಎಬ್ಬಿಸುವ ಫ್ರೀ ರ‍್ಯಾಡಿಕಲ್‌ಗಳನ್ನು, ಅವು ಕೋಶದ ಕೊಬ್ಬನ್ನೂ ಪ್ರೋಟೀನನ್ನೂ ಡಿಎನ್‌ಎಯನ್ನೂ ಕೆಡಿಸುವ ಮುನ್ನ, ಅಲ್ಲಿಯೇ ತಣಿಸುವುದು.

ಸಸ್ಯಗಳ ಪಾಲಿಫಿನಾಲ್, ಫ್ಲೇವನಾಯ್ಡ್ ಮತ್ತು ವಿಟಮಿನ್‌ಗಳಿಗೆ ಹೊಂದುವುದು ಬಹುಮಟ್ಟಿಗೆ ಈ ಎರಡನೆಯ ಕೆಲಸ. ಅದನ್ನು ಮಾಡಲು ಅವು ಸತ್ತ ಹೊರಪದರವನ್ನು ದಾಟಿ, ಅದರ ಕೆಳಗಿರುವ ಜೀವಂತ ಮೇಲ್ಚರ್ಮವನ್ನು ತಲುಪಿ, ಅಲ್ಲಿ ಕೆಲವು ಗಂಟೆಗಳಾದರೂ ಉಳಿಯಬೇಕು. ಅಲ್ಲಿಂದ ಮುಂದೆ ಸರಿದು ರಕ್ತವನ್ನು ಸೇರಿದರೆ ಚರ್ಮಕ್ಕೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ‘ಹೀರಿಕೆಯನ್ನು ಹೆಚ್ಚಿಸುವುದು’ ಎಂಬ ಮಾತನ್ನು ‘ಸರಿಯಾದ ಪದರಕ್ಕೆ ತಲುಪಿಸಿ ಅಲ್ಲಿ ನಿಲ್ಲಿಸುವುದು’ ಎಂದು ಓದಿಕೊಳ್ಳಬೇಕು.

ಚರ್ಮವು ಹಚ್ಚಿದ್ದನ್ನೆಲ್ಲ ಏಕೆ ಹೀರಿಕೊಳ್ಳುವುದಿಲ್ಲ?

ತಡೆಯುವುದೇ ಅದರ ಕೆಲಸವಾದ್ದರಿಂದ. ಸ್ಟ್ರೇಟಮ್ ಕಾರ್ನಿಯಮ್ ಎಂಬ ಹೊರಪದರವು ದೇಹದ ಬಹುತೇಕ ಕಡೆ 10ರಿಂದ 20 ಮೈಕ್ರೋಮೀಟರ್‌ನಷ್ಟೇ, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲದಷ್ಟು ದಪ್ಪವಿರುತ್ತದೆ. ಆದರೂ ದೇಹದ ನೀರು ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬಾರದಂತೆ ತಡೆಯುವುದು ಮುಖ್ಯವಾಗಿ ಅದೇ. ಚಪ್ಪಟೆಯಾದ ಸತ್ತ ಕೋಶಗಳು ಸಾಲುಸಾಲಾಗಿ ಕೂತಿದ್ದು, ಅವುಗಳ ಸಂದಿನಲ್ಲಿ ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳ ಗಾರೆ ತುಂಬಿರುತ್ತದೆ. ಲಕ್ಕುಂಡಿಯ ಗುಡಿಗಳಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ್ದನ್ನು ನೋಡಿದ್ದೇವೆ. ಚರ್ಮದ ಗೋಡೆ ಅದಕ್ಕೆ ತೀರ ವಿರುದ್ಧ, ಇಲ್ಲಿ ಗಾರೆಯದೇ ಎಲ್ಲ ಬಲ. ಒಳಗೆ ಹೋಗಬೇಕಾದ ಅಣುವು ಈ ಕೊಬ್ಬಿನ ಗಾರೆಯಲ್ಲಿ ಸುತ್ತಿಬಳಸಿ ದಾರಿ ಮಾಡಿಕೊಳ್ಳಬೇಕು. ಆಮೇಲೆ ಬರುವ ಜೀವಂತ ಪದರ ನೀರಿನಿಂದ ತುಂಬಿರುವುದರಿಂದ, ಬರೀ ಕೊಬ್ಬಿನಲ್ಲಿ ಕರಗುವ ಅಣು ಮೇಲೆಯೇ ಸಿಕ್ಕಿಕೊಳ್ಳುತ್ತದೆ, ಬರೀ ನೀರಿನಲ್ಲಿ ಕರಗುವ ಅಣು ಗಾರೆಯೊಳಗೇ ಪ್ರವೇಶಿಸಲಾರದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಕರಗುವ ಸಣ್ಣ ಅಣುವಿಗೆ ಮಾತ್ರ ದಾರಿ ಸುಗಮ. ಅಣುಭಾರ 500 ಡಾಲ್ಟನ್ (ಅಣುವಿನ ಭಾರವನ್ನು ಅಳೆಯುವ ಏಕಮಾನ) ದಾಟಿದರೆ ಆರೋಗ್ಯವಂತ ಚರ್ಮದ ಮೂಲಕ ಸಾಗುವುದು ಬಹಳ ಕಷ್ಟ ಎಂಬುದು 2000ನೇ ಇಸವಿಯಿಂದ ಈ ಕ್ಷೇತ್ರದವರೆಲ್ಲ ಬಳಸುತ್ತಿರುವ ಅಂದಾಜು ನಿಯಮ.

ಇದನ್ನು ತರಗತಿಯಲ್ಲಿ ವಿವರಿಸುವಾಗ ನಾನು ಬ್ಯಾಡಗಿ ಮೆಣಸಿನಕಾಯಿಯ ಉದಾಹರಣೆಯನ್ನೇ ಕೊಡುತ್ತೇನೆ, ಏಕೆಂದರೆ ನಮ್ಮ ಭಾಗದ ಮಕ್ಕಳಿಗೆ ಅದನ್ನು ಬೇರೆ ತೋರಿಸಬೇಕಾಗಿಲ್ಲ. ಹಂಗಾಮಿನಲ್ಲಿ ದಿನವಿಡೀ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈ ಸಂಜೆಗೆ ಕೆಂಪಾಗಿಯೂ ಇರುತ್ತದೆ, ಉರಿಯುತ್ತಲೂ ಇರುತ್ತದೆ. ಕೆಂಪು ಬಣ್ಣ ಕ್ಯಾಪ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡಿನದು. ಅದರ ಅಣುಭಾರ ಸುಮಾರು 585, ಕೊಬ್ಬಿನಲ್ಲಿ ಮಾತ್ರ ಕರಗುವಂಥದು, ಮೇಲೆಯೇ ಅಂಟಿಕೊಂಡಿದ್ದು ಎಣ್ಣೆ ಹಚ್ಚಿ ಸೋಪಿನಿಂದ ತಿಕ್ಕಿದರೆ ಹೋಗುತ್ತದೆ. ಉರಿ ಕ್ಯಾಪ್ಸೈಸಿನ್‌ನದು, ಅದರ ಅಣುಭಾರ ಸುಮಾರು 305, ಗಾರೆಯಲ್ಲಿ ಸಲೀಸಾಗಿ ಕರಗಿ ಒಳಗಿನ ನರದ ತುದಿಗಳನ್ನು ಮುಟ್ಟುತ್ತದೆ, ಆದ್ದರಿಂದ ಕೈ ತೊಳೆದ ಮೇಲೂ ಹೊತ್ತುಗಟ್ಟಲೆ ಉರಿಯುತ್ತದೆ. ಕಾಯಿ ಒಂದೇ, ಕೈ ಒಂದೇ. ಒಂದು ಅಣು ಹೊರಗುಳಿಯಿತು, ಇನ್ನೊಂದು ಒಳಗಿಳಿಯಿತು. ‘ಈ ಗಿಡದ ಸಾರ ಚರ್ಮಕ್ಕೆ ಹೀರುತ್ತದೆಯೇ’ ಎಂದು ಕೇಳುವುದಕ್ಕಿಂತ ‘ಈ ಗಿಡದ ಯಾವ ಅಣು’ ಎಂದು ಕೇಳಬೇಕಾದದ್ದು ಇದಕ್ಕಾಗಿಯೇ.

ಹಾಗಾದರೆ ಯಾವ ಸಸ್ಯಘಟಕಗಳಿಗೆ ಒಳಗೆ ಇಳಿಯುವ ಶಕ್ತಿ ಇದೆ?

ಗೋಧಿ, ಜೋಳ ಮತ್ತು ಅಕ್ಕಿಯ ತವುಡಿನಲ್ಲಿರುವ ಫೆರೂಲಿಕ್ ಆಮ್ಲ (194 ಡಾಲ್ಟನ್), ದ್ರಾಕ್ಷಿಯ ಸಿಪ್ಪೆಯ ರೆಸ್ವೆರಾಟ್ರಾಲ್ (228), ಸೋಯಾಅವರೆಯ ಜೆನಿಸ್ಟೀನ್ (270), ಉಳ್ಳಾಗಡ್ಡಿಯ ಹೊರಸಿಪ್ಪೆಯಲ್ಲಿ ಹೇರಳವಾಗಿರುವ ಕ್ವೆರ್ಸೆಟಿನ್ (302) ಇವೆಲ್ಲ ಗಾತ್ರದಲ್ಲಿ ಅರ್ಹವಾದವು. ಹಸಿರು ಚಹಾದ ಮುಖ್ಯ ಪಾಲಿಫಿನಾಲ್ 458 ಡಾಲ್ಟನ್ ಇದ್ದು ಗಡಿಯ ಹತ್ತಿರ ನಿಂತಿದೆ, ನೀರಿನ ಕಡೆಗೆ ಅದರ ಒಲವೂ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಗಿಡದಲ್ಲಿ ಈ ಅಣುಗಳು ಹೆಚ್ಚಾಗಿ ಒಂಟಿಯಾಗಿರುವುದಿಲ್ಲ, ಸಕ್ಕರೆಯ ಅಣುವಿಗೆ ಕಟ್ಟಿಕೊಂಡಿರುತ್ತವೆ. ಕ್ವೆರ್ಸೆಟಿನ್‌ಗೆ ಎರಡು ಸಕ್ಕರೆಗಳು ಕೂಡಿದರೆ ರೂಟಿನ್ ಆಗುತ್ತದೆ, ಅಣುಭಾರ 610ಕ್ಕೆ ಏರುತ್ತದೆ, ಕೊಬ್ಬಿನಲ್ಲಿ ಕರಗುವ ಗುಣವೂ ಕುಗ್ಗುತ್ತದೆ. ಧಾರವಾಡದ ಸುತ್ತ ಮುಂಗಾರಿನಲ್ಲಿ ಬೆಳೆಯುವ ಸೋಯಾಅವರೆಯಲ್ಲೂ ಹೀಗೆಯೇ: ಕಾಳಿನಲ್ಲಿರುವುದು ಬಹುಪಾಲು ಸಕ್ಕರೆ ಕೂಡಿದ ಜೆನಿಸ್ಟಿನ್, ಹುದುಗು ಬರಿಸಿದಾಗ ಅಥವಾ ಕಿಣ್ವದಿಂದ ಸಕ್ಕರೆಯನ್ನು ಬಿಡಿಸಿದಾಗ ಸಿಗುವುದು ಚರ್ಮಕ್ಕೆ ಇಳಿಯಬಲ್ಲ ಜೆನಿಸ್ಟೀನ್. ಹೀರಿಕೆಯನ್ನು ಹೆಚ್ಚಿಸುವ ಮೊದಲ ಹೆಜ್ಜೆ ಕ್ರೀಮಿನಲ್ಲಿಲ್ಲ, ಸಾರವನ್ನು ತೆಗೆಯುವ ವಿಧಾನದಲ್ಲಿಯೇ ಇದೆ ಎಂಬುದನ್ನು ಮನೆಯಲ್ಲಿ ಕಷಾಯ ಕಾಯಿಸಿ ಕ್ರೀಮಿಗೆ ಬೆರೆಸುವವರು ಗಮನಿಸಬೇಕು.

ಜೋಳದ ಹಿಟ್ಟನ್ನು ಮುಖಕ್ಕೆ ಹಚ್ಚಿದರೆ ಫೆರೂಲಿಕ್ ಆಮ್ಲ ಸಿಗುವುದಿಲ್ಲವೇ?

ಸಿಗುವುದು ಅತ್ಯಲ್ಪ. ಧಾನ್ಯದಲ್ಲಿ ಅದರ ಬಹುಪಾಲು ತವುಡಿನ ಕೋಶಭಿತ್ತಿಯ ನಾರಿಗೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ; ಕ್ಷಾರದಿಂದಲೋ ಕಿಣ್ವದಿಂದಲೋ ಆ ಬೆಸುಗೆಯನ್ನು ಬಿಡಿಸಬೇಕು. ಹಿಟ್ಟನ್ನು ನೀರಿನಲ್ಲಿ ಕಲಸಿ ಕಾಲು ಗಂಟೆ ಹಚ್ಚಿಕೊಂಡರೆ ಎಣ್ಣೆಯ ಜಿಡ್ಡು ಹೋಗುತ್ತದೆ, ಅಷ್ಟೇ.

ಲಿಂಬೆಹಣ್ಣಿನಲ್ಲಿ ವಿಟಮಿನ್ ಸಿ ಇದೆಯಲ್ಲ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋಗಬಹುದೇ?

ದಯವಿಟ್ಟು ಹೋಗಬೇಡಿ. ಈ ಒಂದು ಉತ್ತರವನ್ನಾದರೂ ಮನೆಯವರಿಗೆಲ್ಲ ಓದಿ ಹೇಳಿ ಎಂದು ಕೇಳಿಕೊಳ್ಳುತ್ತೇನೆ.

ವಿಟಮಿನ್ ಸಿ ಚರ್ಮಕ್ಕೆ ಇಳಿಯುವ ಬಗೆಯನ್ನು ಚೆನ್ನಾಗಿ ಅಧ್ಯಯನ ಮಾಡಲಾಗಿದೆ. ನೀರಿನಲ್ಲಿ ಕರಗಿದಾಗ ಅದು ವಿದ್ಯುದಾವೇಶವುಳ್ಳ ಅಯಾನ್ ಆಗುತ್ತದೆ, ಅಯಾನ್‌ಗೆ ಕೊಬ್ಬಿನ ಗಾರೆಯಲ್ಲಿ ದಾರಿಯಿಲ್ಲ. ದ್ರಾವಣದ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿದ್ದಾಗ ಬಹುಪಾಲು ಅಣುಗಳು ಆವೇಶವಿಲ್ಲದೆ ಉಳಿಯುವುದರಿಂದ ಒಳಗೆ ಇಳಿಯುತ್ತವೆ. ಸಾಂದ್ರತೆ ಶೇಕಡಾ 20ರವರೆಗೆ ಏರಿದಂತೆ ಹೀರಿಕೆಯೂ ಏರುತ್ತದೆ, ಅದರಾಚೆಗೆ ಏರುವುದಿಲ್ಲ. ಒಮ್ಮೆ ಚರ್ಮ ತುಂಬಿಕೊಂಡಿತೆಂದರೆ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಬೇಕು, ಬೆವರಿದರೂ ಮುಖ ತೊಳೆದರೂ ಒಳಗಿರುವುದು ಹೋಗುವುದಿಲ್ಲ. ಶೇಕಡಾ 15ರ ವಿಟಮಿನ್ ಸಿ ಮತ್ತು ಶೇಕಡಾ 1ರ ವಿಟಮಿನ್ ಇ ಇರುವ ದ್ರಾವಣಕ್ಕೆ ಶೇಕಡಾ 0.5ರ ಫೆರೂಲಿಕ್ ಆಮ್ಲವನ್ನು ಕೂಡಿಸಿದಾಗ, ಕೆಡುವ ಸ್ವಭಾವದ ಈ ವಿಟಮಿನ್‌ಗಳು ಸ್ಥಿರವಾದವು ಮಾತ್ರವಲ್ಲ, ಹಂದಿಯ ಚರ್ಮದ ಮೇಲಿನ ಪ್ರಯೋಗದಲ್ಲಿ ಬಿಸಿಲಿನ ಹಾನಿಯಿಂದ ದೊರೆತ ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು ಎಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸಸ್ಯಮೂಲದ ಅಣುಗಳ ಒಳಗಿನ ರಕ್ಷಣೆಗೆ ಇಷ್ಟು ಸ್ಪಷ್ಟವಾದ ಉದಾಹರಣೆಗಳು ಹೆಚ್ಚಿಲ್ಲ.

ಲಿಂಬೆರಸದ ಪಿಎಚ್ ಕಡಿಮೆಯೇನೋ ಹೌದು, ಆದರೆ ಅದರ 100 ಗ್ರಾಮಿನಲ್ಲಿ ಇರುವ ವಿಟಮಿನ್ ಸಿ ಸುಮಾರು 50 ಮಿಲಿಗ್ರಾಂ ಮಾತ್ರ. ಮೇಲೆ ಹೇಳಿದ ದ್ರಾವಣದಲ್ಲಿ ಇರುವುದು 15,000 ಮಿಲಿಗ್ರಾಂ. ಲಾಭ ಇಷ್ಟು ಕಡಿಮೆಯಾದರೆ ಅಪಾಯ ದೊಡ್ಡದು. ಲಿಂಬೆಯ ಸಿಪ್ಪೆಯಲ್ಲೂ ರಸದಲ್ಲೂ ಸೋರಲೆನ್ ಜಾತಿಯ ಅಣುಗಳಿವೆ. ಅವು 200 ಡಾಲ್ಟನ್ ಆಸುಪಾಸಿನ ಸಣ್ಣ ಅಣುಗಳಾದ್ದರಿಂದ ಚರ್ಮಕ್ಕೆ ಸುಲಭವಾಗಿ ಇಳಿಯುತ್ತವೆ, ಇಳಿದು ಯುವಿ-ಎ ಎಂಬ ಉದ್ದ ತರಂಗದ ನೇರಳಾತೀತ ಕಿರಣ ಬಿದ್ದ ಕೂಡಲೇ ಡಿಎನ್‌ಎಗೆ ಬೆಸೆದುಕೊಳ್ಳುತ್ತವೆ. ಅಂದು ಏನೂ ಕಾಣುವುದಿಲ್ಲ. ಎರಡು ಮೂರು ದಿನಕ್ಕೆ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳುತ್ತದೆ, ಆಮೇಲೆ ಉಳಿಯುವ ಕಪ್ಪು ಕಲೆ ಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ನನ್ನ ಅಕ್ಕನ ಮಗಳು ಒಂದು ಬೇಸಿಗೆಯಲ್ಲಿ ಕೆನ್ನೆಗೆ ಲಿಂಬೆ ಹೋಳು ತಿಕ್ಕಿಕೊಂಡು, ತೊಳೆಯದೆ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಆ ಕಲೆ ದೀಪಾವಳಿಯವರೆಗೂ ಉಳಿದಿತ್ತು, ಅವಳು ಅನುಭವಿಸಿದ ಸಂಕೋಚವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊನ್ನಿಗೆ ವೈದ್ಯರ ನಿಗಾದಲ್ಲಿ ಬಳಸುವ ಬಾವಂಚಿ ಬೀಜದಲ್ಲೂ, ಅಂಜೂರದ ಹಾಲಿನಲ್ಲೂ ಇದೇ ಜಾತಿಯ ಅಣುಗಳಿವೆ. ‘ಹೀರಿಕೆ ಚೆನ್ನಾಗಿದೆ’ ಎಂಬುದು ತನ್ನಷ್ಟಕ್ಕೆ ಒಳ್ಳೆಯ ಗುಣವಲ್ಲ ಎಂಬುದಕ್ಕೆ ಸೋರಲೆನ್‌ಗಿಂತ ಬೇರೆ ಸಾಕ್ಷಿ ಬೇಡ.

ಅರಿಶಿನ ಹಚ್ಚಿದರೆ?

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್‌ನ ಗಾತ್ರ 368 ಡಾಲ್ಟನ್, ಅದು ಅಡ್ಡಿಯಲ್ಲ. ಅಡ್ಡಿಗಳು ಬೇರೆ: ಅದು ನೀರಿನಲ್ಲಿ ಕರಗುವುದಿಲ್ಲ, ಸೋಪಿನಂಥ ಕ್ಷಾರದಲ್ಲಿ ಬೇಗ ಒಡೆಯುತ್ತದೆ, ಬೆಳಕಿನಲ್ಲಿ ಇನ್ನೂ ಬೇಗ ಕೆಡುತ್ತದೆ. ಅದು ಹೆಚ್ಚಾಗಿ ಹೀರುವುದು 425 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು, ನಮ್ಮನ್ನು ಸುಡುವ 280ರಿಂದ 315 ನ್ಯಾನೋಮೀಟರ್‌ನ ಯುವಿ-ಬಿಯನ್ನಲ್ಲ. ಬೆಳಗಿನ ಅರಿಶಿನದ ಸ್ನಾನ ಮಧ್ಯಾಹ್ನದ ಬಿಸಿಲಿಗೆ ಕೊಡೆಯಾಗಲಾರದು.

ಹೀರಿಕೆಯನ್ನು ಹೆಚ್ಚಿಸುವ ವೈಜ್ಞಾನಿಕ ವಿಧಾನಗಳು ಯಾವುವು?

ಇವನ್ನು ನಾನು ಎರಡು ಪಂಗಡ ಮಾಡುತ್ತೇನೆ: ಗೋಡೆಯನ್ನು ಸಡಿಲಿಸುವುದು, ಮತ್ತು ಅಣುವಿಗೆ ಬೇರೆ ಉಡುಪು ತೊಡಿಸುವುದು.

ಗೋಡೆಯನ್ನು ಸಡಿಲಿಸುವ ಪದಾರ್ಥಗಳಲ್ಲಿ ಮದ್ಯಸಾರ, ಪ್ರೊಪಿಲೀನ್ ಗ್ಲೈಕಾಲ್, ಓಲೀಕ್ ಆಮ್ಲ ಹಾಗೂ ಪುದೀನ, ನೀಲಗಿರಿ, ಲವಂಗಗಳ ತೈಲಗಳಲ್ಲಿರುವ ಟರ್ಪೀನ್ ಜಾತಿಯ ಅಣುಗಳು ಸೇರುತ್ತವೆ. ಇವು ಗಾರೆಯ ಕೊಬ್ಬಿನ ಒಪ್ಪವಾದ ಜೋಡಣೆಯನ್ನು ಕದಡಿ ಸಂದು ಮಾಡುತ್ತವೆ. ಇಲ್ಲಿ ಎಣ್ಣೆಯ ಆಯ್ಕೆಯೂ ಲೆಕ್ಕಕ್ಕೆ ಬರುತ್ತದೆ. ಆಲಿವ್ ಎಣ್ಣೆಯಲ್ಲಿ ಓಲೀಕ್ ಆಮ್ಲವೇ ಪ್ರಧಾನ, ನಮ್ಮ ಶೇಂಗಾ ಎಣ್ಣೆಯಲ್ಲೂ ಅದು ಗಣನೀಯ. ಅದಕ್ಕೆ ಪ್ರತಿಯಾಗಿ ಗದಗ, ಧಾರವಾಡದ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುತ್ತ ಬಂದಿರುವ ಕುಸುಬೆಯ ಸಾಂಪ್ರದಾಯಿಕ ತಳಿಗಳ ಎಣ್ಣೆಯಲ್ಲಿ ಲಿನೋಲೀಕ್ ಆಮ್ಲ ಶೇಕಡಾ 70ನ್ನೂ ಮೀರಿರುತ್ತದೆ. ಲಿನೋಲೀಕ್ ಆಮ್ಲವು ಚರ್ಮದ ಸೆರಮೈಡ್‌ಗಳ ಕಟ್ಟಡಕ್ಕೇ ಬೇಕಾದ ವಸ್ತು, ಅದು ಗೋಡೆಯನ್ನು ಗಟ್ಟಿಮಾಡುವ ಪಕ್ಷದ್ದು. ಸಾರವನ್ನು ಒಳಗೆ ಕಳಿಸುವ ರಾತ್ರಿಯ ಲೇಪಕ್ಕೆ ಒಂದು ಎಣ್ಣೆ, ಒಣಗಿ ಬಿರಿದ ಚರ್ಮವನ್ನು ಸುಧಾರಿಸುವ ಲೇಪಕ್ಕೆ ಇನ್ನೊಂದು ಎಣ್ಣೆ ಎಂಬ ವಿವೇಚನೆಯನ್ನು ತಯಾರಕರು ಮಾಡಬೇಕು. ಸಡಿಲಿಸಿದ ಗೋಡೆಯಲ್ಲಿ ನಮಗೆ ಬೇಕಾದದ್ದು ಮಾತ್ರ ಹೋಗುವುದಿಲ್ಲ, ಬೇಡದ್ದೂ ಹೋಗುತ್ತದೆ ಎಂಬ ಕಾರಣಕ್ಕೆ ಹಗಲಿನ ಲೇಪದಲ್ಲಿ ಈ ಮಾರ್ಗವನ್ನು ನಾನು ಒಪ್ಪುವುದಿಲ್ಲ.

ಎರಡನೆಯ ಮಾರ್ಗ ನನಗೆ ಹೆಚ್ಚು ಪ್ರಿಯವಾದದ್ದು. ಸೋಯಾ ಲೆಸಿಥಿನ್‌ನಲ್ಲಿರುವ ಫಾಸ್ಫೋಲಿಪಿಡ್‌ಗಳು ನೀರಿನಲ್ಲಿ ತಾವಾಗಿಯೇ ಎರಡು ಪದರದ ಸೂಕ್ಷ್ಮ ಚೀಲಗಳಾಗಿ ಸುತ್ತಿಕೊಳ್ಳುತ್ತವೆ, ಇವೇ ಲಿಪೋಸೋಮ್‌ಗಳು. ಸಾಮಾನ್ಯ ಲಿಪೋಸೋಮ್ ಚರ್ಮದ ಆಳಕ್ಕೆ ಹೋಗದೆ ಮೇಲ್ಪದರಗಳಲ್ಲಿಯೇ ತನ್ನ ಹೊರೆಯನ್ನು ಇಳಿಸುತ್ತದೆ. ರಕ್ತಕ್ಕೆ ಔಷಧ ಮುಟ್ಟಿಸಬೇಕೆನ್ನುವವರಿಗೆ ಇದು ಕೊರತೆ, ಬಿಸಿಲಿನಿಂದ ಕಾಯಬೇಕೆನ್ನುವ ನಮಗೆ ಇದೇ ಬೇಕಾದದ್ದು. ಆ ಚೀಲದ ಗೋಡೆಗೆ ಸ್ವಲ್ಪ ಸರ್ಫ್ಯಾಕ್ಟಂಟ್ (ಸೋಪಿನಂತೆ ಎಣ್ಣೆಯನ್ನೂ ನೀರನ್ನೂ ಬೆರೆಸುವ ವಸ್ತು) ಸೇರಿಸಿ ಬಳುಕುವಂತೆ ಮಾಡಿದರೆ ಟ್ರಾನ್ಸ್‌ಫರ್ಸೋಮ್, ಶೇಕಡಾ 20ರಿಂದ 45ರಷ್ಟು ಮದ್ಯಸಾರ ಸೇರಿಸಿದರೆ ಎಥೋಸೋಮ್. ಇವೆರಡೂ ಹೆಚ್ಚು ಆಳಕ್ಕೆ ಒಯ್ಯುತ್ತವೆ. ಫೈಟೋಸೋಮ್ ಎಂಬುದು ಚೀಲವಲ್ಲ. ಅಲ್ಲಿ ಪಾಲಿಫಿನಾಲ್ ಅಣುವೇ ಫಾಸ್ಫೋಲಿಪಿಡ್‌ನೊಂದಿಗೆ ಜೊತೆಗೂಡಿ, ನೀರಿನ ಒಲವಿನದು ಕೊಬ್ಬಿಗೂ ಒಗ್ಗಿಕೊಳ್ಳುತ್ತದೆ.

ಘನ ಕೊಬ್ಬಿನ ನ್ಯಾನೋಕಣಗಳ ವಿಚಾರವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಕೋಣೆಯ ತಾಪದಲ್ಲಿ ಗಟ್ಟಿಯಾಗಿರುವ ಮೇಣದಂಥ ಕೊಬ್ಬಿನೊಳಗೆ ಕ್ವೆರ್ಸೆಟಿನ್ ಅಥವಾ ರೆಸ್ವೆರಾಟ್ರಾಲನ್ನು ಹುದುಗಿಸಿದಾಗ ಮೂರು ಕೆಲಸಗಳು ಒಟ್ಟಿಗೆ ಆಗುತ್ತವೆ: ಬೆಳಕಿಗೆ ಕೆಡುವ ಅಣುವಿಗೆ ಮರೆ ಸಿಗುತ್ತದೆ, ಕಣಗಳು ಚರ್ಮದ ಮೇಲೆ ಪೊರೆಯಾಗಿ ಕೂತು ನೀರು ಆರದಂತೆ ಹಿಡಿಯುವುದರಿಂದ ಹೊರಪದರ ನೆನೆದು ಅಣು ನಿಧಾನವಾಗಿ ಒಳಗಿಳಿಯುತ್ತದೆ, ಆ ಸ್ಫಟಿಕದಂಥ ಕಣಗಳು ತಾವೇ ನೇರಳಾತೀತ ಕಿರಣವನ್ನು ಒಂದಿಷ್ಟು ಚದುರಿಸುತ್ತವೆ. ಹೊರಗಿನ ಕೆಲಸವನ್ನೂ ಒಳಗಿನ ಕೆಲಸವನ್ನೂ ಒಂದೇ ಕಣ ಮಾಡುವುದನ್ನು ಪ್ರಯೋಗಾಲಯದಲ್ಲಿ ಕಂಡಾಗ ಆಗುವ ಸಂತೋಷವನ್ನು ವಿದ್ಯಾರ್ಥಿಗಳೊಂದಿಗೆ ನಾನೂ ಪ್ರತಿ ವರ್ಷ ಹಂಚಿಕೊಳ್ಳುತ್ತೇನೆ.

ಲೋಳೆಸರ ಹಚ್ಚಿದರೆ ಹೀರಿಕೆ ಹೆಚ್ಚುತ್ತದೆಯೇ?

ನೆನೆದ ಚರ್ಮ ಒಣ ಚರ್ಮಕ್ಕಿಂತ ಹೆಚ್ಚು ಹೀರುತ್ತದೆ, ಆದ್ದರಿಂದ ಒಂದು ಮಟ್ಟಿಗೆ ಹೌದು. ಬಿಸಿಲಿನಿಂದ ಬಂದ ಮೇಲೆ ತಂಪಿಗೆ ಅದು ಹಿತ. ಬಿಸಿಲಿಗೆ ಹೋಗುವ ಮುನ್ನ ಅದೊಂದನ್ನೇ ನಂಬುವಂತಿಲ್ಲ. ಎಲೆ ಕೊಯ್ದಾಗ ಸುರಿಯುವ ಹಳದಿ ರಸವನ್ನು ಪೂರ್ತಿ ಬಸಿದು ತೊಳೆದ ಮೇಲೆಯೇ ಒಳಗಿನ ತಿರುಳನ್ನು ಬಳಸಬೇಕು, ಆ ರಸ ಅನೇಕರ ಚರ್ಮಕ್ಕೆ ಆಗಿಬರುವುದಿಲ್ಲ.

ಕೊಬ್ಬರಿ ಎಣ್ಣೆಗೆ ಎಸ್‌ಪಿಎಫ್ 8 ಇದೆ ಎಂದು ಓದಿದ್ದೇವೆ. ನಿಜವೇ?

ಆ ಅಂಕಿ ಹುಟ್ಟುವ ಬಗೆಯನ್ನು ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ. ಎಣ್ಣೆಯನ್ನೋ ಸಸ್ಯಸಾರವನ್ನೋ ಮದ್ಯಸಾರದಲ್ಲಿ ತೆಳುವಾಗಿಸಿ, ಗಾಜಿನಂಥ ಕೊಳವೆಯಲ್ಲಿಟ್ಟು, 290ರಿಂದ 320 ನ್ಯಾನೋಮೀಟರ್‌ವರೆಗೆ ಐದೈದರ ಅಂತರದಲ್ಲಿ ಅದು ಎಷ್ಟು ಕಿರಣವನ್ನು ಹೀರುತ್ತದೆಂದು ಅಳೆದು, 1986ರಲ್ಲಿ ಬ್ರೆಜಿಲ್‌ನ ಸಂಶೋಧಕರು ಕೊಟ್ಟ ಮಾನ್ಸುರ್ ಸಮೀಕರಣದಲ್ಲಿ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಅಗ್ಗದ, ಸುಲಭದ ವಿಧಾನವಾದ್ದರಿಂದ ನಮ್ಮ ಕಾಲೇಜುಗಳ ಪ್ರಬಂಧಗಳಲ್ಲಿ ಬಹಳ ಬಳಕೆಯಲ್ಲಿದೆ. ಎರಡು ಸಾರಗಳಲ್ಲಿ ಯಾವುದು ಮೇಲೆಂದು ಹೋಲಿಸಲು ಅದು ಸಾಕು. ಆದರೆ ಎಸ್‌ಪಿಎಫ್ ಎಂಬುದು ಮನುಷ್ಯರ ಚರ್ಮಕ್ಕೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಹಚ್ಚಿ, ಚರ್ಮ ಕೆಂಪಾಗಲು ಎಷ್ಟು ಪಟ್ಟು ಹೆಚ್ಚು ಕಿರಣ ಬೇಕಾಯಿತೆಂದು ಅಳೆಯುವ ಸಂಖ್ಯೆ. ಎಣ್ಣೆಯು ಚರ್ಮದ ಗೀರುಗಳಲ್ಲಿ ಹರಿದು ಉಬ್ಬುಗಳ ಮೇಲೆ ನಿಲ್ಲುವುದಿಲ್ಲ. ತೆಳುಪದರವಾಗಿ ಅಳೆದಾಗ ಇಂಥ ಎಣ್ಣೆಗಳ ರಕ್ಷಣೆ 1ರ ಆಸುಪಾಸಿಗೆ, ಅಂದರೆ ಏನೂ ಹಚ್ಚದಿರುವುದಕ್ಕೆ ಸಮನಾಗಿ, ಇಳಿಯುತ್ತದೆ. ಮಾನ್ಸುರ್ ಸಂಖ್ಯೆಯನ್ನು ಡಬ್ಬಿಯ ಮೇಲೆ ಎಸ್‌ಪಿಎಫ್ ಎಂದು ಮುದ್ರಿಸುವುದು ಕೊಳ್ಳುವವರಿಗೆ ಮಾಡುವ ಮೋಸವೆಂದೇ ನನ್ನ ಅಭಿಪ್ರಾಯ, ಅರಿಯದೆ ಮಾಡಿದರೂ ಸುಡುವುದು ಅವರ ಚರ್ಮವೇ.

ಸಾರ ಎಲ್ಲಿಗೆ ತಲುಪಿತೆಂದು ಪ್ರಯೋಗಾಲಯದಲ್ಲಿ ತಿಳಿಯುವುದು ಹೇಗೆ?

ಫ್ರಾಂಜ್ ಕೋಶ ಎಂಬ ಗಾಜಿನ ಸಾಧನದಲ್ಲಿ ಮೇಲೊಂದು ಕೆಳಗೊಂದು ಕೊಠಡಿ, ನಡುವೆ ಚರ್ಮದ ತುಂಡು. ಮನುಷ್ಯರ ಚರ್ಮಕ್ಕೆ ಬಹಳ ಹತ್ತಿರವೆಂದು ಹಂದಿಯ ಕಿವಿಯ ಚರ್ಮವನ್ನು ಬಳಸುತ್ತಾರೆ. ಮೇಲೆ ಕ್ರೀಮು ಹಚ್ಚಿ, ಕೆಳಗಿನ ದ್ರವದಿಂದ ಗಂಟೆಗೊಮ್ಮೆ ಮಾದರಿ ತೆಗೆದು ಅಳೆಯುತ್ತಾರೆ. ಬಹಳಷ್ಟು ವಿದ್ಯಾರ್ಥಿಗಳು ಕೆಳಗಿನ ದ್ರವದಲ್ಲಿ ಸಾರ ಹೆಚ್ಚು ಸಿಕ್ಕಿತೆಂದು ಹಿಗ್ಗುತ್ತಾರೆ. ಬಿಸಿಲಿನ ಲೇಪಕ್ಕೆ ಅದು ಹಿಗ್ಗುವ ಫಲಿತಾಂಶವಲ್ಲ. ಕೆಳಗೆ ಇಳಿದದ್ದು ರಕ್ತಕ್ಕೆ ಹೋಗುವ ಪಾಲು. ಪ್ರಯೋಗ ಮುಗಿದ ಮೇಲೆ ಅಂಟುಪಟ್ಟಿಯನ್ನು ಹದಿನೈದಿಪ್ಪತ್ತು ಸಲ ಒತ್ತಿ ಕಿತ್ತು ಹೊರಪದರವನ್ನು ಒಂದೊಂದೇ ಪೊರೆಯಾಗಿ ಬಿಡಿಸಿ, ಅದರಲ್ಲೆಷ್ಟು, ಉಳಿದ ಜೀವಂತ ಚರ್ಮದಲ್ಲೆಷ್ಟು, ಕೆಳಗೆಷ್ಟು ಎಂದು ಮೂರು ಲೆಕ್ಕಗಳನ್ನೂ ಕೊಡಬೇಕು. ನಡುವಿನ ಲೆಕ್ಕ ಹೆಚ್ಚಾಗಿ, ಕೊನೆಯದು ಸೊನ್ನೆಯ ಹತ್ತಿರ ಬಂದರೆ ತಯಾರಿಕೆ ಗೆದ್ದಿತು.

ಸನ್‌ಸ್ಕ್ರೀನ್‌ನ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ ಎನ್ನುತ್ತಾರೆ. ಸಸ್ಯದ್ದೇ ಸುರಕ್ಷಿತವಲ್ಲವೇ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 24 ಮಂದಿ ದೇಹದ ಶೇಕಡಾ 75 ಭಾಗಕ್ಕೆ ದಿನಕ್ಕೆ ನಾಲ್ಕು ಬಾರಿಯಂತೆ ನಾಲ್ಕು ದಿನ ಹಚ್ಚಿದಾಗ, ಅವೊಬೆಂಜೋನ್, ಆಕ್ಸಿಬೆಂಜೋನ್ ಮೊದಲಾದ ಶೋಧಕಗಳು ರಕ್ತದಲ್ಲಿ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ಎಂಬ ಮಿತಿಯನ್ನು ದಾಟಿದವು. ಮಿತಿ ದಾಟಿದರೆ ಹೆಚ್ಚಿನ ಪರೀಕ್ಷೆ ಬೇಕು ಎಂಬುದು ಅದರ ಅರ್ಥ, ಹಾನಿಯಾಯಿತೆಂದಲ್ಲ. ಬಳಕೆ ನಿಲ್ಲಿಸಬೇಡಿರೆಂದು ಅದೇ ಸಂಸ್ಥೆ ಹೇಳಿತು. ಆತಂಕವಿರುವವರು ಜಿಂಕ್ ಆಕ್ಸೈಡ್ ಇರುವುದನ್ನು ಆರಿಸಿಕೊಳ್ಳಬಹುದು, ಅದರ ಕಣಗಳು ಆರೋಗ್ಯವಂತ ಚರ್ಮದ ಸತ್ತ ಪದರವನ್ನು ದಾಟುವುದಿಲ್ಲ. ಸಸ್ಯದ್ದೆಂಬ ಕಾರಣಕ್ಕೇ ಸುರಕ್ಷಿತವಲ್ಲ ಎಂಬುದನ್ನು ಲಿಂಬೆಯ ಪ್ರಸಂಗದಲ್ಲಿ ನೋಡಿದೆವು.

ಇದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೊಂದಿದೆ. ಹೀರಿಕೆ ಹೆಚ್ಚಿಸುವ ತೈಲಗಳನ್ನು ಸನ್‌ಸ್ಕ್ರೀನಿಗೇ ಬೆರೆಸಿದರೆ, ಮೇಲೆ ನಿಲ್ಲಬೇಕಾದ ಶೋಧಕವೂ ಅವುಗಳ ಬೆನ್ನಿಗೆ ಒಳಗೆ ಸರಿಯುತ್ತದೆ. ಹೊಲದಲ್ಲಿ ಬೆಳೆಗೆ ಔಷಧ ಹೊಡೆಯುವವರ ಮಟ್ಟಿಗೆ ಇದು ಇನ್ನೂ ಗಂಭೀರ: ಕೆಲವು ಸನ್‌ಸ್ಕ್ರೀನ್ ತಯಾರಿಕೆಗಳು 2,4-ಡಿ ಎಂಬ ಕಳೆನಾಶಕವು ಚರ್ಮವನ್ನು ದಾಟುವುದನ್ನು ಹೆಚ್ಚಿಸಿದ್ದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಔಷಧ ಹೊಡೆಯುವ ದಿನ ತುಂಬುತೋಳಿನ ಅಂಗಿ, ಕೈಗವಸು ಮತ್ತು ತಲೆಗೆ ಬಟ್ಟೆ ಇವೇ ಇರಲಿ, ಲೇಪಗಳು ಬೇಡ.

ನಮ್ಮ ಚರ್ಮ ಕಪ್ಪು. ನಮಗೂ ಇದೆಲ್ಲ ಬೇಕೇ?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಮ್ಮನ್ನು ಬಿಸಿಲಿನ ಸುಡುವಿಕೆಯಿಂದಲೂ ಚರ್ಮದ ಕ್ಯಾನ್ಸರಿನಿಂದಲೂ ಬಹಳಷ್ಟು ಕಾಯುತ್ತದೆ, ಅದು ನಮ್ಮ ಭಾಗ್ಯ. ನಮ್ಮಲ್ಲಿ ಬಿಸಿಲು ತರುವ ಮುಖ್ಯ ತೊಂದರೆ ಬಂಗು ಮತ್ತು ಕಪ್ಪು ಕಲೆಗಳು. ಇವನ್ನು ಯುವಿ-ಎ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಚರ್ಮದಲ್ಲಿ ಹೆಚ್ಚಿಸುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ಬೇಕು, ಬಿಳಿಯದು ಸಾಲದು. ಯುವಿ-ಎ ಸಾಮಾನ್ಯ ಗಾಜನ್ನು ದಾಟಿ ಬರುವುದರಿಂದ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ದಿನಾಲು ಕಿಟಕಿಯ ಬದಿ ಕೂರುವವರೂ ಇದನ್ನು ಗಮನದಲ್ಲಿಡಬೇಕು. ಬಿಳುಪಾಗುವುದಕ್ಕಾಗಿ ಇವನ್ನು ಬಳಸಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಚರ್ಮದ ಬಣ್ಣ ರೋಗವಲ್ಲ.

ನಮ್ಮ ಭಾಗದಲ್ಲಿ ಯಾವ ಕಾಲದ ಬಿಸಿಲು ಹೆಚ್ಚು ತೀಕ್ಷ್ಣ?

ಹುಬ್ಬಳ್ಳಿ, ಧಾರವಾಡ, ಗದಗ ಮೂರೂ 15.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ, ಆದ್ದರಿಂದ ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಏಪ್ರಿಲ್, ಮೇ ತಿಂಗಳ ಮೋಡವಿಲ್ಲದ ಮಧ್ಯಾಹ್ನಗಳಲ್ಲಿ ಯುವಿ ಸೂಚ್ಯಂಕ 11ನ್ನು ದಾಟುತ್ತದೆ, ಅದು ಅತಿತೀವ್ರದ ವರ್ಗ. ಆಗಸ್ಟಿನಲ್ಲಿ ಧಾರವಾಡದ ಮೋಡ ಮತ್ತು ತಂಪು ನಮ್ಮನ್ನು ಮೈಮರೆಸುತ್ತವೆ, ತೆಳುಮೋಡ ನೇರಳಾತೀತ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವಷ್ಟು ಹೊತ್ತು ಬಿಸಿಲು ಕಡುವೆಂದು ತಿಳಿಯಬೇಕು. ಆ ಹೊತ್ತಿಗೆ ಹಿರಿಯರು ಸುತ್ತುತ್ತಿದ್ದ ರುಮಾಲು, ತಲೆಯ ಮೇಲೆ ಹೊದ್ದ ಇಳಕಲ್ಲ ಸೀರೆಯ ಸೆರಗು ಮತ್ತು ಒತ್ತು ನೇಯ್ಗೆಯ ದಪ್ಪ ಖಾದಿ ಯಾವ ಕ್ರೀಮಿಗೂ ಕಡಿಮೆಯವಲ್ಲ; ತೆಳುವಾದ ಬಿಳಿ ಬಟ್ಟೆ, ಅದರಲ್ಲೂ ಬೆವರಿಗೆ ಒದ್ದೆಯಾದದ್ದು, ಕಾಯುವುದು ಕಡಿಮೆ.

ಹಚ್ಚುವ ಕ್ರಮ ಯಾವುದು?

ಮೊದಲು ಸಸ್ಯಸಾರ ಅಥವಾ ವಿಟಮಿನ್ ಸಿಯ ಸೀರಮ್, ತೊಳೆದು ಒರೆಸಿದ ಚರ್ಮಕ್ಕೆ. ಅದು ಆರಿದ ಮೇಲೆ, ಬಿಸಿಲಿಗೆ ಹೋಗುವ ಕಾಲು ಗಂಟೆ ಮುಂಚೆ, ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಾಕಿದಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಬಹುತೇಕರು ಇದರ ಅರ್ಧವನ್ನೂ ಹಚ್ಚುವುದಿಲ್ಲ, ಆದ್ದರಿಂದ ಡಬ್ಬಿಯ ಮೇಲಿನ ಸಂಖ್ಯೆ ಅವರಿಗೆ ಸಿಗುವುದಿಲ್ಲ. ಎಸ್‌ಪಿಎಫ್ 30 ಸುಮಾರು ಶೇಕಡಾ 97ರಷ್ಟು ಯುವಿ-ಬಿಯನ್ನು ತಡೆದರೆ 50 ತಡೆಯುವುದು ಶೇಕಡಾ 98ರಷ್ಟು. ದುಬಾರಿಯ 50ನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ 30ನ್ನು ಧಾರಾಳವಾಗಿ ಹಚ್ಚಿ, ಹೊರಗಿದ್ದಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು ಲೇಸು. ಸನ್‌ಸ್ಕ್ರೀನನ್ನು ಗಸಗಸ ತಿಕ್ಕಬಾರದು, ಸವರಿ ಬಿಡಬೇಕು. ಹಣೆಯ ಚರ್ಮ ಮುಂಗೈಗಿಂತ ಸುಮಾರು ಆರು ಪಟ್ಟು ಹೀರುತ್ತದೆಂದು 1967ರಷ್ಟು ಹಿಂದೆಯೇ ಒಂದು ಹಾರ್ಮೋನಿನ ಮೇಲಿನ ಪ್ರಯೋಗದಲ್ಲಿ ಕಂಡುಬಂದಿತ್ತು. ಹೊಸ ಲೇಪವನ್ನು ಮೊದಲು ಮುಂಗೈಯ ಒಳಬದಿಗೆ ಎರಡು ಮೂರು ದಿನ ಹಚ್ಚಿ ನೋಡಿದ ಮೇಲೂ ಮುಖಕ್ಕೆ ಅಲ್ಪವಾಗಿಯೇ ಆರಂಭಿಸಬೇಕಾದದ್ದು ಅದಕ್ಕಾಗಿ.

ಹಸುಗೂಸುಗಳಿಗೆ ಹಚ್ಚಬಹುದೇ?

ಆರು ತಿಂಗಳೊಳಗಿನ ಕೂಸಿಗೆ ಸಸ್ಯಸಾರವೂ ಬೇಡ, ಸನ್‌ಸ್ಕ್ರೀನೂ ಬೇಡ. ಕುಂಚಿಗೆ ಮತ್ತು ನೆರಳು ಸಾಕು. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ವಿಸ್ತಾರ ದೊಡ್ಡದಾದ್ದರಿಂದ ಹೀರಿದ್ದೆಲ್ಲ ಅದರ ದೇಹಕ್ಕೆ ಹೆಚ್ಚಾಗುತ್ತದೆ.

ಹಚ್ಚುವ ಬದಲು ತಿಂದರೆ ಆಗದೇ?

ನಿಧಾನವಾಗಿ, ಸ್ವಲ್ಪಮಟ್ಟಿಗೆ ಆಗುತ್ತದೆ. ದಿನಕ್ಕೆ 40 ಗ್ರಾಂ ಟೊಮ್ಯಾಟೊ ಪೇಸ್ಟನ್ನು ಆಲಿವ್ ಎಣ್ಣೆಯೊಂದಿಗೆ ಹತ್ತು ವಾರ ತಿಂದವರ ಚರ್ಮ, ನೇರಳಾತೀತ ಕಿರಣಕ್ಕೆ ಒಡ್ಡಿದಾಗ, ತಿನ್ನದವರಿಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆ ಕೆಂಪಾಯಿತೆಂದು 2001ರ ಅಧ್ಯಯನವೊಂದು ತಿಳಿಸಿತು. ಟೊಮ್ಯಾಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಕೊಬ್ಬಿನಲ್ಲಿ ಕರಗುವುದರಿಂದ ಎಣ್ಣೆಯಲ್ಲಿ ಬೇಯಿಸಿದ ಟೊಮ್ಯಾಟೊ ಗೊಜ್ಜಿನಿಂದ ಅದು ಹಸಿ ಹಣ್ಣಿಗಿಂತ ಚೆನ್ನಾಗಿ ದೇಹಕ್ಕೆ ಸೇರುತ್ತದೆ. 536 ಡಾಲ್ಟನ್‌ನ ಈ ಅಣು ಹೊರಗಿನಿಂದ ಚರ್ಮಕ್ಕೆ ಇಳಿಯಲು ಹೆಣಗುತ್ತದೆ, ಊಟದ ದಾರಿಯಲ್ಲಿ ರಕ್ತದ ಮೂಲಕ ಅಲ್ಲಿಗೇ ತಲುಪುತ್ತದೆ.

ಕಪ್ಪತಗುಡ್ಡದ ಗಿಡಮೂಲಿಕೆಗಳಿಂದ ಲೇಪ ಮಾಡಬಹುದೇ?

ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಗಿಡ ಕಿತ್ತು ತರುವುದು ಕಾನೂನಿಗೂ ಸಲ್ಲದು, ಗುಡ್ಡದ ಮೇಲಿನ ಪ್ರೀತಿಗೂ ಸಲ್ಲದು. ಹೊಲದಲ್ಲಿ ಬೆಳೆದ ಸೋಯಾಅವರೆ, ಗಿರಣಿಯಲ್ಲಿ ಉಳಿಯುವ ತವುಡು, ಪೇಟೆಯಲ್ಲಿ ಎಸೆಯುವ ಉಳ್ಳಾಗಡ್ಡಿ ಸಿಪ್ಪೆ ಇವುಗಳಲ್ಲಿಯೇ ಸಂಶೋಧನೆಗೆ ಬೇಕಾದಷ್ಟು ಸರಕಿದೆ. ಮಾರಾಟಕ್ಕೆ ಮಾಡುವವರಿಗೆ ಪರವಾನಗಿ ಬೇಕು, ಮನೆಯ ಬಳಕೆಗೆ ಮಾಡುವವರಿಗೆ ಶುಚಿ ಬೇಕು. ನೀರು ಸೇರಿದ ಯಾವ ಲೇಪವೂ ಸಂರಕ್ಷಕವಿಲ್ಲದೆ ನಮ್ಮ ಸೆಖೆಯಲ್ಲಿ ಕೆಲವೇ ದಿನಗಳಲ್ಲಿ ಸೂಕ್ಷ್ಮಾಣುಗಳ ಮನೆಯಾಗುತ್ತದೆ.

ಕೊಂಡ ಸೀರಮ್ ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ವಿಟಮಿನ್ ಸಿಯ ದ್ರಾವಣ ಹೊಸದರಲ್ಲಿ ನೀರಿನಂತೆ ಅಥವಾ ತಿಳಿಹಳದಿಯಾಗಿ ಇರುತ್ತದೆ. ಕಂದುಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಹೋಗಿದೆ. ಗಾಳಿ, ಬೆಳಕು, ಕಾವು ಮೂರೂ ಅದಕ್ಕೆ ವೈರಿಗಳು. ಗದಗಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಮನೆಯ ಗೂಡಿನಲ್ಲಿಟ್ಟ ಸೀಸೆ ತಿಂಗಳೊಪ್ಪತ್ತಿನಲ್ಲೇ ಕಂದಾಗಬಹುದು. ಗಾಢ ಬಣ್ಣದ ಗಾಜಿನ ಚಿಕ್ಕ ಸೀಸೆಯನ್ನೇ ಕೊಳ್ಳಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ; ಫ್ರಿಜ್ ಇಲ್ಲದವರು ಕುಡಿಯುವ ನೀರಿನ ಮಣ್ಣಿನ ಹರವಿಯ ಪಕ್ಕದ ತಂಪು ನೆರಳಿನಲ್ಲಿಟ್ಟು, ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದು, ಬಣ್ಣ ಬದಲಾದ ದಿನ ಚೆಲ್ಲಿಬಿಡಿ.